ಎದೆಮಟ್ಟದ ಕುಣಿ

ಬೀದರ, ೨೧ ನವೆಂಬರ್ ೧೯೪೯, ಸೋಮವಾರ

ಬಲ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಿಯುವುದಿಲ್ಲ. ಎಡದ್ದು ದೀಪಾವಳಿಯಿಂದ ಅದರ ಹಾದಿ ಹಿಡಿದಿದೆ. ನನಗೆ ಐವತ್ತನಾಲ್ಕು. ಇಷ್ಟು ಬರೆದಿಟ್ಟರೆ ಮತ್ತೆ ಬರೆಯಬೇಕಾಗಿಲ್ಲ.

ಮಧ್ಯಾಹ್ನ ಚಿದ್ರಿಯಿಂದ ರಹೀಮುನ್ನಿಸಾ ಬೇಗಂ ಟಾಂಗಾದಲ್ಲಿ ಬಂದರು. ಇಪ್ಪತ್ತು ವರ್ಷದ ಹಿಂದೆ ಅವರ ಮದುವೆಯ ಫೋಟೋ ತೆಗೆದವಳು ನಾನು. ನಮ್ಮ ಮನೆಯವರು ಫೋಟೋದವರು, ಆದರೆ ಪರದೆಯ ಮನೆಗಳ ಒಳಗೆ ಗಂಡಸರು ಹೋಗುವಂತಿರಲಿಲ್ಲ. ಅದಕ್ಕಾಗಿ ನನಗೆ ಕ್ಯಾಮೆರಾ ಕಲಿಸಿದರು. ಅವರು ತೀರಿಕೊಂಡ ಮೇಲೆ ಅದು ನನ್ನಲ್ಲೇ ಉಳಿಯಿತು. ಹೋದ ವರ್ಷ ನಿಜಾಮನ ಮೇಲೆ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಆ ಮನೆಗಳಲ್ಲಿ ಅರ್ಧಕ್ಕರ್ಧಕ್ಕೆ ಬೀಗ ಬಿದ್ದಿದೆ. ಒಳಗಿನ ಕೆಲಸವಿಲ್ಲ, ಹೊರಗಿನದು ಹುಡುಕಬೇಕು.

ಬೇಗಂ ಅವರದು ಹೊರಗಿನ ಕೆಲಸ. ಔರಾದ ತಾಲೂಕಿನ ಚಿಂತಾಕಿಯಲ್ಲಿ ಅವರ ತಾಯಿಯ ಕಡೆಯಿಂದ ಬಂದ ಒಂದು ಬಾವಿ, ಅದರ ಸುತ್ತ ತೋಟ. ಕಾಗದಗಳು ಹೋದ ವರ್ಷ ಸುಟ್ಟುಹೋದವು. ಈ ಮಳೆಗಾಲದಿಂದ ಊರ ಪಟೇಲ ತೋಟಕ್ಕೆ ಎತ್ತು ಹೂಡಿದ್ದಾನೆ. ಬಾವಿಯ ಪಕ್ಕದಲ್ಲಿ ಅಜ್ಜನ ಕಾಲದ ಕಲ್ಲಿದೆ, ಅದರ ಮೇಲೆ ಬರಹವಿದೆ. ಜನವರಿ ಇಪ್ಪತ್ತಕ್ಕೆ ತಾಲೂಕು ಕಚೇರಿಯಲ್ಲಿ ವಿಚಾರಣೆ. ಕಲ್ಲು ಇದ್ದ ಜಾಗದಲ್ಲೇ ಇರುವಂತೆ, ಅಕ್ಷರ ಓದಲು ಬರುವಂತೆ ಫೋಟೋ ಬೇಕೆಂದು ಕಚೇರಿಯವರು ಹೇಳಿದ್ದಾರೆ.

“ಕಲ್ಲು ಕಚೇರಿತನಾ ನಡಕೊಂಡು ಬರಂಗಿಲ್ರಿ ಬಾಯಿಯವರ,” ಎಂದರು. “ನೀವೇ ತರಬೇಕು.”

“ನೀವು ಸಂಗಟ ಬರ್ತೀರಾ?”

“ಇಲ್ರಿ.” ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

ಒಪ್ಪಿಕೊಂಡೆ. ಸಂಜೆ ಮೈದುನ ಶಿವರಾಜಪ್ಪ ಹೇಳಿದ: “ವೈನಿ, ಪೂಜಾಕ ಕುಂತ್ರ ಏಳಲಕ ಇಬ್ಬರು ಬೇಕು ನಿಮಗ. ಚಿಂತಾಕಿಗಿ ಹೊಂಟೀರಿ?” ಹೋಗಿ ಅಣ್ಣನ ಕೋಲು ತಂದು ಬಾಗಿಲಿಗೆ ಆನಿಸಿಟ್ಟ. ಅವನು ಹೋದ ಮೇಲೆ ಅದನ್ನು ಜೋಳದ ಚೀಲಗಳ ಹಿಂದೆ ಹಾಕಿದೆ.

ಔರಾದ, ೨೯ ನವೆಂಬರ್

ಕೆಟ್ಟ ದಿನ. ಕ್ರಮವಾಗಿ ಬರೆಯುತ್ತೇನೆ.

ಬಸ್ಸಿನಲ್ಲಿ ಔರಾದ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಚಿಂತಾಕಿ. ಗಾಡಿಯವನು ಧೊಂಡಿಬಾ, ಅದೇ ಊರಿನವನು. ಕಲ್ಲು ಸಿಕ್ಕಿತು. ಬೇಗಂ ಹೇಳದೆ ಇದ್ದದ್ದು ಒಂದೇ: ಅದು ಮುಂದಕ್ಕೆ ವಾಲಿದೆ. ಬರಹವಿರುವ ಮುಖ ನೆಲ ನೋಡುತ್ತಿದೆ. ಅಕ್ಷರಗಳು ಬುಡದಿಂದ ಒಂದು ಗೇಣು, ಒಂದೂವರೆ ಗೇಣಿನೊಳಗೆ. ನಿಂತವರಿಗೆ ಕಲ್ಲಿನ ಬೆನ್ನು ಮಾತ್ರ ಕಾಣುತ್ತದೆ. ಎತ್ತಿ ನಿಲ್ಲಿಸಿದರೆ ಅದು ಇದ್ದ ಜಾಗದ ಕಲ್ಲಲ್ಲ, ಎತ್ತಿ ನಿಲ್ಲಿಸಿದ ಕಲ್ಲು. ಸಾಕ್ಷಿ ಕೆಡುತ್ತದೆ.

ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ ನೆಲಕ್ಕಿಟ್ಟೆ. ಅದರ ಹಿಂದಿನ ಮಸುಕು ಗಾಜಿನಲ್ಲಿ ಚಿತ್ರ ನೋಡಬೇಕಾದರೆ ತಲೆಯೂ ನೆಲದ ಮಟ್ಟಕ್ಕೆ ಬರಬೇಕು. ಕಂಬಳಿ ಮಡಿಸಿ ಹಾಕಿ ಮೊಣಕಾಲೂರಿದೆ. ಬಲಗಾಲು ಕಟ್ ಎಂದಿತು. ಕರಿ ಬಟ್ಟೆಯೊಳಗೆ ತಲೆ ಹಾಕಿದ್ದರಿಂದ ಮುಖ ಯಾರಿಗೂ ಕಾಣಲಿಲ್ಲ. ಎರಡು ಪ್ಲೇಟಿನಲ್ಲಿ ಫೋಟೋ ತೆಗೆದೆ. ಗಾಜಿನಲ್ಲಿ ಅಕ್ಷರ ಸ್ಪಷ್ಟವಾಗುವ ತನಕ ಕಾಯಲು ಕಾಲು ಬಿಡಲಿಲ್ಲ.

ಏಳಲು ಆಗಲಿಲ್ಲ. ಧೊಂಡಿಬಾ ಒಂದು ಕಡೆ, ದಾರಿಹೋಕನೊಬ್ಬ ಇನ್ನೊಂದು ಕಡೆ ಹಿಡಿದು ಎತ್ತಿದರು, ಚೀಲ ಎತ್ತಿದ ಹಾಗೆ. “ಎವ್ವಾ ಅನ್ರಿ ತಾಯಿ, ಹಗುರಾಗ್ತದ,” ಎಂದ ಧೊಂಡಿಬಾ. ನಾನು ಬಾಯಿ ಬಿಡಲಿಲ್ಲ. ಅದೊಂದೇ ಸಮಾಧಾನ.

ಬೀದರ, ೩೦ ನವೆಂಬರ್

ಬಾವು. ಬೇರೇನೂ ಇಲ್ಲ.

೪ ಡಿಸೆಂಬರ್

ಪ್ಲೇಟು ತೊಳೆದೆ. ಅಕ್ಷರಗಳ ಜಾಗದಲ್ಲಿ ಬೂದು ಮಂಜು. ಒಂದರಲ್ಲಿ ‘ಮಗ’ ಎಂದು ಓದಬಹುದು, ಹಟ ಹಿಡಿದರೆ.

ಚಿದ್ರಿಗೆ ಹೋಗಿ ಹೇಳಿದೆ. ರಹೀಮುನ್ನಿಸಾ ಬೇಗಂ ಆಗಷ್ಟೇ ನಮಾಜು ಮುಗಿಸಿ ಚಾಪೆ ಸುತ್ತುತ್ತಿದ್ದರು. ಕೂತಲ್ಲಿಂದ ಕೈ ಊರದೆ ಎದ್ದರು. ನಾನು ನೋಡಿದ್ದನ್ನು ಅವರು ನೋಡಿದರು.

“ದಿನಾ ಐದು ಹೊತ್ತು ಬಗ್ಗಿದ ಮೊಳಕಾಲು ಬಾಯಿಯವರ. ತುಕ್ಕು ಹಿಡಿಯಂಗಿಲ್ಲ.”

“ನಾನೂ ಮೂವತ್ತು ವರ್ಷ ಬಗ್ಗೀನಿ. ನಿಮ್ಮ ಮಕ್ಕಳು, ನವಾಬರ ಮಕ್ಕಳು, ಎಲ್ಲಾರ ಮುಂದ.”

“ಅದಕ್ಕೇರಿ. ನೀವು ಮಂದಿ ಮುಂದ ಬಗ್ಗೀರಿ.”

ಅವರ ಮಗಳು ಅನ್ವರಿ ಒಳಗಿನಿಂದ ನಕ್ಕಳು. ಹದಿಮೂರು ಇರಬೇಕು. ಬೇಗಂ ನಗಲಿಲ್ಲ. ಬೇರೆ ಯಾರನ್ನಾದರೂ ನೋಡಲೇ ಎಂದು ಕೇಳಿದರು, ಔರಾದದಲ್ಲಿ ಹೊಸ ಫೋಟೋದವನೊಬ್ಬ ಇದ್ದಾನಂತೆ, ವಯಸ್ಸು ಚಿಕ್ಕದು. ಪಟೇಲನ ಊಟ ಮಾಡಿಕೊಂಡು ಪಟೇಲನ ಮಕ್ಕಳ ಫೋಟೋ ತೆಗೆಯುವವನು.

“ಇನ್ನೂ ನಾಲ್ಕು ಪ್ಲೇಟು ಅವ,” ಎಂದೆ.

ಹೊರಡುವಾಗ ಬಾಗಿಲ ತನಕ ಬಂದು, ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಹೇಳಿದರು: “ಇವರು ಬಾವಿ ಕಡಿಗೇ ಹೋಗಿದ್ರು, ಆ ಸೆಪ್ಟೆಂಬರದಾಗ. ತೋಟಕ್ಕ ನೀರು ಬಿಟ್ಟು ಬರ್ತೀನಿ ಅಂದ್ರು.” ‘ಇವರು’ ಎಂದರೆ ಗಂಡ ಗೌಸೋದ್ದೀನ. ಮರಳಿ ಬಂದಿಲ್ಲ.

ಟಾಂಗಾ ಸಿಗಲಿಲ್ಲ. ನಡೆದೆ.

ಭಾಲ್ಕಿ, ೧೧ ಡಿಸೆಂಬರ್

ಶಿವರಾಜಪ್ಪನ ಒತ್ತಾಯಕ್ಕೆ ರೈಲಿನಲ್ಲಿ ಬಂದೆ, ಇಲ್ಲಿಯ ಎಣ್ಣೆ ತಿಕ್ಕುವ ವೈದ್ಯನಿಗೆ ತೋರಿಸಲು. ಅವನು ಎರಡು ಕಾಲನ್ನೂ ತಿರುವಿ ನೋಡಿ, “ಕೂಡಬ್ಯಾಡ್ರಿ, ಏಳಬ್ಯಾಡ್ರಿ, ಬಗ್ಗಬ್ಯಾಡ್ರಿ,” ಎಂದ. ಉಳಿದದ್ದು ಏನು ಎಂದು ಕೇಳಿದೆ. ಅವನ ಹತ್ತಿರ ಅದಕ್ಕೆ ಎಣ್ಣೆ ಇರಲಿಲ್ಲ.

ವೈದ್ಯನ ಪಕ್ಕದ ಮನೆಯಲ್ಲಿ ಕಂಬಳಿ ನೇಯುತ್ತಾರೆ. ಕುರಿಯವರು. ಕಟ್ಟೆಯ ಮೇಲೆ ಕೂರಲು ಹೋಗಿ ಒಳಗೆ ನೋಡಿದೆ: ಒಬ್ಬ ಮುದುಕನ ಎದೆ, ಕೈ, ತಲೆ ಮಾತ್ರ ನೆಲದ ಮೇಲೆ. ಮಗ್ಗ ನೆಲಮಟ್ಟದಲ್ಲಿ ಹಾಸಿದೆ. ಸೊಂಟದ ಕೆಳಗಿನದೆಲ್ಲ ಕುಣಿಯೊಳಗೆ. ಅವನ ಹೆಸರು ಬಕ್ಕಪ್ಪ, ಎಪ್ಪತ್ತೆರಡು ವರ್ಷ.

“ಮೊಳಕಾಲು ಹ್ಯಾಂಗವ?” ಎಂದು ಕೇಳಿದೆ. ಹೆಂಗಸು ಮೊದಲ ಮಾತಿಗೆ ಕೇಳುವ ಪ್ರಶ್ನೆಯಲ್ಲ.

“ಕುಣ್ಯಾಗ ಕಾಲು ಇಳಿಬಿಟ್ಟವಂಗ ಮೊಳಕಾಲಿನ ಚಿಂತಿ ಎಲ್ಲೀದ್ರಿ? ನಾ ನೆಲಕ್ಕ ಬಗ್ಗಂಗಿಲ್ಲ, ನೆಲಾನೇ ನನ್ನತನಾ ಬರ್ತದ.”

ಅವನ ಎದೆಯ ಮಟ್ಟಕ್ಕೆ ನೂಲು. ನೂಲಿನ ಪಕ್ಕದಲ್ಲಿ ಒಂದು ಇರುವೆ ಹೋಗುತ್ತಿತ್ತು. ಅವನಿಗೆ ಅದು ಎದುರಿನಿಂದ ಬರುವ ಮನುಷ್ಯ ಕಂಡ ಹಾಗೆ ಕಾಣುತ್ತಿರಬೇಕು.

ರಾತ್ರಿ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಮರೆತೆ.

ಬೀದರ, ೧೩ ಡಿಸೆಂಬರ್

ಅಳತೆಗಳು. ನೆಲದಿಂದ ನನ್ನ ಗದ್ದ ನಾಲ್ಕು ಅಡಿ ಎರಡು ಇಂಚು. ನೆಲಕ್ಕಿಟ್ಟ ಕ್ಯಾಮೆರಾದ ಗಾಜಿನ ನಡು ಏಳು ಇಂಚು. ಕುಣಿ ಮೂರು ಅಡಿ ಒಂಬತ್ತು ಇಂಚು ಆಳ, ಎದೆಮಟ್ಟ. ಒಳಗೆ ತಿರುಗಲು ಮೂರು ಅಡಿ ಚೌಕ. ಒಂದು ಬದಿಗೆ ಐದು ಮೆಟ್ಟಿಲು, ಒಂದೊಂದೂ ಗೇಣಿಗಿಂತ ಎತ್ತರ ಇರಬಾರದು. ಪ್ಲೇಟಿನ ಪೆಟ್ಟಿಗೆ ಇಡಲು ಎದುರಿನ ಗೋಡೆಯಲ್ಲಿ ಒಂದು ಗೂಡು.

ಕಲ್ಲಿನ ಮುಖ ನೆರಳಿನಲ್ಲಿದೆ. ಅದಕ್ಕೆ ಬೆಳಕು ಕೆಳಗಿನಿಂದ ಹೋಗಬೇಕು. ಕಲ್ಲಿನ ಮುಂದೆ ಬಿಳಿ ಧೋತರ ಹಾಸಿದರೆ ಬಿಸಿಲು ಅದರ ಮೇಲೆ ಬಿದ್ದು ಅಕ್ಷರಗಳಿಗೆ ತಾಗುತ್ತದೆ.

ಅಂಗಳದಲ್ಲಿ ಸುಣ್ಣದಿಂದ ಚೌಕ ಬರೆದು ಅದರೊಳಗೆ ನಿಂತು ನೋಡುತ್ತಿದ್ದೆ. ಶಿವರಾಜಪ್ಪ ಬಂದ. ಚೌಕ ನೋಡಿದ, ಮೆಟ್ಟಿಲಿನ ಗೆರೆ ನೋಡಿದ, ಗೂಡಿನ ಗುರುತು ನೋಡಿದ.

“ವೈನಿ, ಇದೇನು ಹಾಳು ಆಟ! ಒಳ್ಳೇ ಹೊತ್ತಿನ್ಯಾಗ?”

“ಕುಣಿ ಅಳತಿ ಮಾಡ್ಲತ್ತೀನಿ.”

“ಯಾರದು?”

“ನಂದೇ.”

ಅವನು ನೀರು ತಂದು ಸುಣ್ಣ ತೊಳೆದ. ಅಳತೆ ನನ್ನ ಹತ್ತಿರ ಬರೆದಿತ್ತು.

ಚಿಂತಾಕಿ, ೨೦ ಡಿಸೆಂಬರ್

ಆಯಿತು. ಕೈ ಇನ್ನೂ ಹಗುರಾಗಿದೆ. ವಿವರವಾಗಿ ಬರೆಯಬೇಕು.

ನಿನ್ನೆ ಸಂಜೆ ಧೊಂಡಿಬಾನ ಮನೆಯಲ್ಲಿ ಇಳಿದೆ. ಅವನ ಹೆಂಡತಿ ಪುತಳಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಹಾರೆ, ಸಲಿಕೆ ಇದೆಯೇ ಎಂದು ಅವನನ್ನು ಕೇಳಿದೆ.

“ನಾ ಇಳೀಲಕ ಒಂದು ಕುಣಿ ಬೇಕು. ಬಾವಿ ಹತ್ತಿರ, ಕಲ್ಲಿನ ಮುಂದ. ಎದಿಮಟ್ಟ. ಒಂದು ಬಾಜೂಕ ಐದು ಮೆಟ್ಟಲ, ಎದುರಿಗಿ ಗೂಡು.”

ರೊಟ್ಟಿಯ ಸಪ್ಪಳ ನಿಂತಿತು. ಧೊಂಡಿಬಾ ರುಮಾಲು ತೆಗೆದು ಕೈಯಲ್ಲಿ ಹಿಡಿದ.

“ನೀವೇ ಇಳಿಯೋರು ಏನ್ರಿ?”

“ಮತ್ಯಾರು?”

“ಯಾವಾಗ್ರಿ?”

“ನಾಳಿ ಮುಂಜಾನಿ. ಬಿಸಲು ನೆತ್ತೀಗಿ ಬರೂದ್ರಾಗ ಮುಗೀಬೇಕು.”

“ಮನ್ಯಾಗ ಹೇಳಿ ಬಂದೀರೇನ್ರಿ ತಾಯಿ?”

“ಯಾಕ ಹೇಳಬೇಕು? ನನ್ನ ಕೆಲಸ ನಂದು.”

“ಖರೇ ಅದ್ರಿ,” ಎಂದ, ಬಹಳ ಮೆಲ್ಲಗೆ. ಕೂಲಿಯ ಮಾತೆತ್ತಿದರೆ ಕಿವಿ ಮುಚ್ಚಿಕೊಂಡ. ಕೆಲಸಗಾರರಲ್ಲಿ ಇಷ್ಟು ವಿನಯ ನಾನು ಕಂಡಿಲ್ಲ.

ಬೆಳಿಗ್ಗೆ ಹೋಗುವಷ್ಟರಲ್ಲಿ ಕುಣಿ ಸಿದ್ಧವಾಗಿತ್ತು. ಮೆಟ್ಟಿಲುಗಳಿಗೆ ಸಗಣಿ ಸಾರಿಸಿದ್ದರು. ಅಷ್ಟು ಬೇಕಿರಲಿಲ್ಲ. ನಲವತ್ತು, ಐವತ್ತು ಜನ ಸೇರಿದ್ದರು. ಕ್ಯಾಮೆರಾ ನೋಡಲು ಬಂದಿರಬೇಕು ಎಂದುಕೊಂಡೆ. ಧೋತರ ಹಾಸಿದೆ. ಐದು ಮೆಟ್ಟಿಲು ಇಳಿದೆ, ಗೋಡೆ ಹಿಡಿದು, ಒಬ್ಬಳೇ. ನೋವು ಇತ್ತು, ಆದರೆ ನನ್ನ ಲೆಕ್ಕದೊಳಗೇ ಇತ್ತು.

ಒಳಗೆ ನಿಂತಾಗ ನೆಲ ಎದೆಗೆ ಬಂತು. ಕಲ್ಲು ಮುಖಕ್ಕೆ ಮುಖ ಕೊಟ್ಟಿತು. ಮೂರು ವಾರ ನನ್ನನ್ನು ಬಗ್ಗಿಸಲು ನೋಡಿದ ಅಕ್ಷರಗಳು ಸಾಲಾಗಿ ನಿಂತಿದ್ದವು: ಈ ಬಾವಿ ಈ ತೋಟ ಮಗಳಿಗೆ. ಮಗಳಿಂದ ಮಗಳಿಗೆ. ಊರವರು ಓದಿಕೊಳ್ಳಿ. ಕನ್ನಡದಲ್ಲಿ ಇದ್ದದ್ದು ಅದಕ್ಕೇ ಇರಬೇಕು. ಬೇಗಂಗೆ ಇದನ್ನು ಓದಲು ಬರುವುದಿಲ್ಲ.

ಕೊರಳ ಲಿಂಗದ ಕರಡಿಗೆ ಕ್ಯಾಮೆರಾದ ಮರಕ್ಕೆ ಬಡಿಯುತ್ತಿತ್ತು. ಅದನ್ನು ಎಡ ಅಂಗೈಯಲ್ಲಿ ಹಿಡಿದೆ, ಬಲಗೈಯಿಂದ ಲೆನ್ಸಿನ ಮುಚ್ಚಳ ತೆಗೆದೆ, ಕಣ್ಣು ಮುಚ್ಚಿ ಎಂಟು ಎಣಿಸಿದೆ. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಇಷ್ಟು ಶಿಸ್ತಿನ ಊರು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಎರಡು ಪ್ಲೇಟು ತೆಗೆದು ಮೇಲೆ ಬಂದೆ. ಪುತಳಾಬಾಯಿ ಕಾಲು ಹಿಡಿದಳು, ಅಳುತ್ತಿದ್ದಳು. “ಯಾಕ ಹೊಳ್ಳಿ ಬಂದ್ರಿ ತಾಯಿ? ನಮ್ಮದೇನು ತಪ್ಪಾಯ್ತು?”

“ತಪ್ಪೇನಿಲ್ಲವ್ವ. ನನಗ ಬೇಕಾದ ಬೆಳಕು ಸಿಕ್ತು.”

ಅವಳು ಇನ್ನೂ ಜೋರಾಗಿ ಅತ್ತಳು. ಯಾರೋ ತೆಂಗಿನಕಾಯಿ ಒಡೆದರು. ಕುಣಿ ಮುಚ್ಚಿಬಿಡು ಎಂದು ಧೊಂಡಿಬಾನಿಗೆ ಹೇಳಿ ಹೊರಟೆ. ಬಹಳ ಪ್ರೀತಿಯ ಜನ.

ಬೀದರ, ೨೨ ಡಿಸೆಂಬರ್

ಎರಡೂ ಪ್ಲೇಟು ಚೆನ್ನಾಗಿ ಬಂದಿವೆ. ಕಲ್ಲು, ಅದರ ಹಿಂದೆ ಬಾವಿಯ ಕಟ್ಟೆ, ಮುಂದೆ ಅಕ್ಷರ. ‘ಮಗಳಿಂದ’ ಎಂಬಲ್ಲಿ ಉಳಿ ಜಾರಿದ ಗೀರೂ ಕಾಣುತ್ತದೆ.

ಚಿದ್ರಿಗೆ ಒಯ್ದೆ. ಓದಿ ಹೇಳಿದೆ. ರಹೀಮುನ್ನಿಸಾ ಅನ್ವರಿಯನ್ನು ಕರೆದು ಮತ್ತೊಮ್ಮೆ ಓದಿಸಿದರು, ನನ್ನ ಬಾಯಿಂದ. “ಆಪಾ, ಊಟ ಮಾಡಿ ಹೋಗ್ರಿ,” ಎಂದರು. ‘ಬಾಯಿಯವರು’ ಹೋಗಿ ಅಕ್ಕ ಆಗಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಲೆ. ಉಂಡೆ.

ಕೋಲು ಜೋಳದ ಚೀಲದ ಹಿಂದೆ ಧೂಳು ಹಿಡಿಯುತ್ತಿತ್ತು. ಒಣಗುವ ಪ್ಲೇಟುಗಳ ಮೇಲೆ ಕರಿ ಬಟ್ಟೆ ಇಳಿಬಿಡಲು ಅದೇ ಸರಿಯಾದ ಉದ್ದ.

೩ ಜನವರಿ ೧೯೫೦

ಧೊಂಡಿಬಾ ಬಂದಿದ್ದ. ಒಳಗೆ ಕೂರಲು ಒಪ್ಪಲಿಲ್ಲ, ಹೊಸ್ತಿಲ ಹೊರಗೆ ಕೈಮುಗಿದು ನಿಂತ.

ಕುಣಿ ಮುಚ್ಚಿದೆಯಾ ಎಂದೆ.

“ಜೀವಂತ ಇದ್ದೋರ ಕುಣಿ ಹ್ಯಾಂಗ ಮುಚ್ಚಲ್ರಿ ತಾಯಿ?”

ಆಗ ತಿಳಿಯಿತು. ನಾನು ಕೂತು ಈಗ ಇಲ್ಲಿ ಬರೆದದ್ದನ್ನೆಲ್ಲ ಮತ್ತೆ ಓದಿದೆ: ಹಣೆಯಲ್ಲಿ ವಿಭೂತಿ ಹಚ್ಚಿದ ಲಿಂಗಾಯತ ಮುದುಕಿ. ಎದೆಮಟ್ಟದ ಚೌಕ ಕುಣಿ, ಇಳಿಯಲು ಮೆಟ್ಟಿಲು, ಎದುರಿಗೆ ಗೂಡು, ಬಿಳಿ ಬಟ್ಟೆ. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ, ತುಟಿ ಅಲುಗುತ್ತಿದೆ. ನಮ್ಮಲ್ಲಿ ಹೆಣವನ್ನು ಕೂರಿಸುವ ಕುಣಿಗೂ ಇದೇ ಅಳತೆ. ಶಿವರಾಜಪ್ಪ ಸುಣ್ಣ ತೊಳೆದದ್ದು ಅದಕ್ಕೆ. ಊರು ತಿಳಿದದ್ದು: ಫೋಟೋದ ತಾಯಿ ಜೀವಂತ ಸಮಾಧಿಗೆ ಬಂದರು, ಇಳಿದರು, ಬೆಳಕು ಕಂಡರು, ಇನ್ನೂ ಹೊತ್ತು ಬಂದಿಲ್ಲವೆಂದು ಹೊಳ್ಳಿ ಹೋದರು. ಜಾಗ ಮಾತ್ರ ಹಿಡಿದಿಟ್ಟು ಹೋದರು.

ಸೋಮವಾರಕ್ಕೊಮ್ಮೆ ಅಲ್ಲಿ ದೀಪ ಹಚ್ಚುತ್ತಾರೆ. ಪತ್ರಿ, ಕಾಯಿ, ಮಕ್ಕಳ ಜವಳ. ಮೊಣಕಾಲು ನೋವಿನವರು ಮೂರನೆಯ ಮೆಟ್ಟಿಲಿನ ಮಣ್ಣು ಹಚ್ಚಿಕೊಳ್ಳುತ್ತಾರಂತೆ.

“ಗುಣ ಆಗ್ಯದೇನು?”

“ಇಬ್ಬರಿಗಿ ಆಗ್ಯದ್ರಿ.”

ನನಗೆ ಆಗಿಲ್ಲ ಎಂದು ಹೇಳಲಿಲ್ಲ.

ಪಟೇಲ ಮೊದಲ ದಿನ ಸಿಟ್ಟಾಗಿದ್ದನಂತೆ. ಈಗ ಅವನೇ ಚಪ್ಪರ ಹಾಕಿಸುತ್ತಿದ್ದಾನೆ. ಇಪ್ಪತ್ತಕ್ಕೆ ಕಚೇರಿಯಲ್ಲಿ ಹೇಳುತ್ತಾನಂತೆ: ಅದು ಶರಣೆಯ ಗದ್ದುಗೆಯ ಜಾಗ, ಊರಿನದು, ಯಾರ ಮಗಳದೂ ಅಲ್ಲ. ಐವತ್ತು ಜನ ಸಾಕ್ಷಿ. ಐವತ್ತೂ ಜನ ನಿಜವನ್ನೇ ಹೇಳುತ್ತಾರೆ. ಅವರು ಕಂಡದ್ದು ಅದನ್ನೇ.

೪ ಜನವರಿ

ರಹೀಮುನ್ನಿಸಾಗೆ ಹೇಳಿದೆ. ನಕ್ಕಳು. ಈ ಹೆಣ್ಣುಮಗಳು ನಕ್ಕದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಕಣ್ಣೀರು ಬರುವ ತನಕ ನಕ್ಕು, ಕಣ್ಣೀರು ಬಂದ ಮೇಲೆ ನಿಲ್ಲಿಸಿದಳು.

“ಪಟೇಲನ ಕಡಿಂದ ಇಸಕೊಂಡು ನಿಮ್ಮ ದೇವ್ರಿಗಿ ಕೊಟ್ರಿ ಆಪಾ. ಪಟೇಲನ ಮ್ಯಾಲ ಕೇಸ್ ಹಾಕಬಹುದು. ದೇವ್ರ ಮ್ಯಾಲ ಹ್ಯಾಂಗ ಹಾಕಲಿ?”

ಅನ್ವರಿ ಫೋಟೋವನ್ನು ಮೊಳೆಗೆ ತೂಗು ಹಾಕಿದ್ದಾಳೆ, ತಲೆಕೆಳಗಾಗಿ. ಸರಿ ಮಾಡಿ ಬಂದೆ.

೬ ಜನವರಿ

ಭಾಲ್ಕಿಯ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ಸಾಲಾಗಿ ನಿಂತು ಕಾಲು ಮುಟ್ಟಿದರು. ನಾನು ಕುರ್ಚಿಯಲ್ಲಿದ್ದೆ, ಏಳಲಾಗದೆ. ಅದನ್ನೂ ಮಹಿಮೆ ಎಂದು ತಿಳಿದರು. ಹೊಸ ಧೋತರ ಉಟ್ಟ ಶಿವರಾಜಪ್ಪ ಅವರನ್ನು ಒಬ್ಬೊಬ್ಬರಾಗಿ ಬಿಡುತ್ತಿದ್ದ.

“ನೀವೇನೂ ಸುಳ್ಳು ಹೇಳಬ್ಯಾಡ್ರಿ ವೈನಿ. ಸುಮ್ಮ ಕೂಡ್ರಿ, ಸಾಕು. ನಿಮಗ ಬಗ್ಗಲಕ ಬರಂಗಿಲ್ಲ, ಅವರಿಗಿ ಬರ್ತದ. ಬಗ್ಗೋರು ಬಗ್ಗಲಿ.”

ಕಾಲು ಮುಟ್ಟಿದವರಲ್ಲಿ ಒಬ್ಬಳು ನನ್ನ ವಯಸ್ಸಿನವಳು. ಅವಳ ಮೊಣಕಾಲು ಕಟ್ ಎಂದದ್ದು ನನಗೆ ಕೇಳಿಸಿತು. ಅವಳು ತುಟಿ ಕಚ್ಚಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಆ ಮುಖವನ್ನು ನಾನು ಎಲ್ಲೋ ನೋಡಿದ್ದೇನೆ.

೭ ಜನವರಿ, ಶನಿವಾರ

ತೀರ್ಮಾನ ಮಾಡಿದೆ. ರಹೀಮುನ್ನಿಸಾಗೂ ಹೇಳಿ ಬಂದೆ.

ಕಚೇರಿಯಲ್ಲಿ ನಿಂತು ‘ನಾನು ಶರಣೆಯಲ್ಲ’ ಎಂದರೆ ಅದನ್ನು ವಿನಯ ಎಂದು ಬರೆದುಕೊಳ್ಳುತ್ತಾರೆ. ಐವತ್ತು ಜನ ಕಣ್ಣಿನಿಂದ ಕಂಡದ್ದನ್ನು ಮಾತಿನಿಂದ ಅಳಿಸಲಾಗುವುದಿಲ್ಲ. ಕಂಡ ಜಾಗದಲ್ಲೇ ಇನ್ನೊಂದನ್ನು ಕಾಣಿಸಬೇಕು. ಸೋಮವಾರ ದೀಪದ ದಿನ, ಊರೆಲ್ಲ ಅಲ್ಲಿರುತ್ತದೆ.

ಬೆಳಗಿನ ಬಸ್ಸಿಗೆ ಔರಾದ, ಅಲ್ಲಿಂದ ಧೊಂಡಿಬಾನ ಗಾಡಿ. ಮೊದಲು ಐವತ್ತು ಜನರನ್ನೂ ಒಬ್ಬೊಬ್ಬರಾಗಿ ಕುಣಿಗೆ ಇಳಿಸಿ ಕರಿ ಬಟ್ಟೆಯೊಳಗಿಂದ ಗಾಜು ನೋಡಲು ಹೇಳುತ್ತೇನೆ. ಅಕ್ಷರ ಬರುವವರು ಓದಲಿ, ಬಾರದವರಿಗೆ ಪಕ್ಕದವರು ಓದಿ ಹೇಳಲಿ. ಗಾಜಿನಲ್ಲಿ ತಲೆಕೆಳಗಾಗಿ ಕಾಣುತ್ತದೆ, ಕತ್ತು ತಿರುಗಿಸಬೇಕಾಗುತ್ತದೆ. ತಿರುಗಿಸಲಿ. ಪುತಳಾಬಾಯಿಯೇ ಮೊದಲು. ಕುಣಿ ಯಾಕೆ ಬೇಕಿತ್ತು ಎಂಬುದು ಅಲ್ಲಿ ನಿಂತವರಿಗೆ ಯಾರೂ ಹೇಳಬೇಕಾಗಿಲ್ಲ. ಆಮೇಲೆ ಮುಚ್ಚುವುದು.

ನನ್ನ ಜೊತೆ ಯಾರು ಮಣ್ಣು ಎಳೆಯುತ್ತಾರೆ ಎಂದು ಇವತ್ತು ಚಿದ್ರಿಯಲ್ಲಿ ಲೆಕ್ಕ ಹಾಕುತ್ತಿದ್ದೆ, ಗಟ್ಟಿಯಾಗಿ. ಧೊಂಡಿಬಾ ಮುಟ್ಟುವುದಿಲ್ಲ.

“ಮಣ್ಣು ನಾ ಹಾಕ್ತೀನಿ,” ಎಂದಳು ರಹೀಮುನ್ನಿಸಾ. “ಜಮೀನು ನಂದು.”

“ಅಲ್ಲಿಗಿ ಬರ್ತೀಯಾ?”

“ಬರ್ತೀನಿ ಆಪಾ. ಅನ್ವರೀನೂ ಕರಕೊಂಡು ಬರ್ತೀನಿ. ಕಲ್ಲಿನ ಬಾಜೂಕ ನಿಲ್ಲಿಸಿ ಫೋಟೋ ತಗೀರಿ.” ನನ್ನ ಮೊಣಕಾಲು ನೋಡಿ: “ನಿಂತಿದ್ದೇ ತಗೀರಿ. ಅದಕ್ಕ ಕುಣಿ ಬ್ಯಾಡಲ್ಲ?”

ಉಳಿದ ಎರಡು ಪ್ಲೇಟು ಪೆಟ್ಟಿಗೆಯಲ್ಲಿವೆ. ಕರಿ ಬಟ್ಟೆ ಒಗೆದು ಒಣಗಿದೆ. ಕೋಲು ಬಾಗಿಲ ಹತ್ತಿರ ಇದೆ. ಶಿವರಾಜಪ್ಪನಿಗೆ ನಾಳೆ ಹೇಳುತ್ತೇನೆ. ಹೊಸ ಧೋತರ ಮಡಿಸಿಡಲು ಅವನಿಗೂ ಒಂದು ದಿನ ಬೇಕು.

ಎಲ್ಲರೂ ನೋಡಿ ಮುಗಿದ ಮೇಲೆ ಕೊನೆಗೆ ನಾನು ಇಳಿಯುತ್ತೇನೆ, ಐದು ಮೆಟ್ಟಿಲು. ಮತ್ತೆ ಐದು ಹತ್ತುತ್ತೇನೆ. ಯಾರೂ ಕೈ ಹಿಡಿಯಬಾರದು. ಮೂರನೆಯ ಮೆಟ್ಟಿಲಲ್ಲಿ ಬಲಗಾಲು ಹಿಡಿಯುತ್ತದೆ, ಗೊತ್ತಿದೆ. ಅಲ್ಲಿ ನಿಂತು, ಬಾವಿಯ ಆಚೆಯವರಿಗೂ ಕೇಳುವ ಹಾಗೆ, ಅಂದು ನುಂಗಿದ ‘ಎವ್ವಾ’ ಎನ್ನುತ್ತೇನೆ.